ಮದುವೆಗೆ ಬಾರದ ಶಾಸಕರು

ಸೇಡಂ ತಾಲೂಕಿನ ಓದುಗರೊಬ್ಬರ ಪತ್ರ: "ನಮ್ಮ ಎಮ್ಮೆಲ್ಲೆ ಸಾಹೇಬ್ರು ಜಾತ್ರಿಗೂ ಬರಲ್ಲ, ಮದಿವಿಗೂ ಬರಲ್ಲ, ಬೆಂಗಳೂರಾಗೇ ಇರ್ತಾರ. ಇಂಥವರಿಗಿ ಯಾಕ ವೋಟ್ ಹಾಕಬೇಕ್ರಿ?"

ಸಂಪಾದಕರ ಉತ್ತರ: ಮತ ಹಾಕಿದವರಿಗೆ ಮುಖ ತೋರಿಸಬೇಕು, ಒಪ್ಪಿದೆ. ಆದರೆ ನಾಲ್ಕು ಪುಟ ಬರೆದಿದ್ದೀರಿ, ಅವರು ಸದನದಲ್ಲಿ ಏನು ಕೇಳಿದರು ಎಂಬ ಬಗ್ಗೆ ಒಂದು ಸಾಲೂ ಇಲ್ಲವಲ್ಲ ರೀ!

ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಅವರು 2008ರಲ್ಲಿ ಜೇವರ್ಗಿಯಲ್ಲಿ ಸೋತದ್ದು 70 ಮತಗಳಿಂದ. ಒಂದು ಬೀಗರೂಟದ ಪಂಕ್ತಿ! ಆ ಲೆಕ್ಕ ತಲೆಯಲ್ಲಿಟ್ಟುಕೊಂಡ ಶಾಸಕ ಯಾವ ಮಂಟಪ ತಪ್ಪಿಸಿಯಾನು? ಅಧಿವೇಶನದ ಹಿಂದಿನ ವಾರವೂ ಅಕ್ಷತೆ ಹಾಕುತ್ತ ತಿರುಗಿದರೆ ಕಡತ ಓದುವುದು ಯಾವಾಗ?

ಸದನದಲ್ಲಿ ಪ್ರಶ್ನೆ ಕೇಳಲು ಶಾಸಕರು 15 ದಿನ ಮುಂಚೆ ಸೂಚನೆ ಕೊಡಬೇಕು. ಚುಕ್ಕೆ ಗುರುತಿನದಾದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಹಾಕಿ ಹಿಡಿಯಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಆದರೆ ತಾಲೂಕುವಾರು ಪಟ್ಟಿ ಬೇಕಿದ್ದರೆ ಅದೇ ವಾಸಿ. ಎಡವುವುದು ಪ್ರಶ್ನೆಯ ಮಾತಿನಲ್ಲೇ. "ಶಿಕ್ಷಕರ ಕೊರತೆ ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದರೆ "ಬಂದಿದೆ" ಎಂಬ ಒಂದೇ ಪದ ಬರುತ್ತದೆ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವ ತಾರೀಖಿನಿಂದ, ಯಾವ ಶಾಲೆ ಎಂದು ಬಿಡಿಸಿ ಕೇಳಿದರೆ ಇಲಾಖೆ ಲೆಕ್ಕ ತೆಗೆಯಲೇಬೇಕು. "ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು" ಎಂಬ ಉತ್ತರ ಬಂದರೆ, ಏನೂ ಆಗುವುದಿಲ್ಲ ಎಂದು ಓದಿಕೊಳ್ಳಿ. ಸದನದಲ್ಲಿ ಸಚಿವರು ಭರವಸೆ ಕೊಟ್ಟರೆ ಅದನ್ನು, ಕೊಟ್ಟ ಮಾತು ಈಡೇರಿತೇ ಎಂದು ನೋಡುವ ಭರವಸೆಗಳ ಸಮಿತಿಯವರೆಗೆ ಬೆನ್ನಟ್ಟಬಹುದು.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ನಮಗೆ ದಕ್ಕಿದ್ದು 2012ರ 98ನೇ ತಿದ್ದುಪಡಿಯಿಂದ. ಅದರಡಿ ಇಲ್ಲಿನ ಸರ್ಕಾರಿ ಕೆಲಸಗಳಲ್ಲಿ ಸ್ಥಳೀಯರಿಗೆ ಗ್ರೂಪ್ ಸಿ ಹುದ್ದೆಯಲ್ಲಿ ಶೇ. 80, ಡಿ ಹುದ್ದೆಯಲ್ಲಿ ಶೇ. 85 ಮೀಸಲು. ಹೋರಾಟ ಮಾಡಿ ಪಡೆದೆವು, ಸಿಹಿ ಹಂಚಿದೆವು. ಖಾಲಿ ಕುರ್ಚಿಗೆ ಮೀಸಲಾತಿ ಇದ್ದರೇನು ಬಂತು? ಆ ಕುರ್ಚಿ ಎಣಿಸಿ ಎಂದು ಯಾವ ಜಾತ್ರೆಯಲ್ಲೂ ಯಾರೂ ಕೇಳುವುದಿಲ್ಲ.

ಸಮುದಾಯ ಭವನದ ದೂರನ್ನೂ ಬರೆದಿದ್ದೀರಿ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಕ್ಷೇತ್ರದ ಎಲ್ಲ ಹಳ್ಳಿಗೂ ಸೇರಿ. ಅವರ ಪತ್ರ ಜಿಲ್ಲಾಧಿಕಾರಿಗೆ ಹೋಗಿ, ಎಂಜಿನಿಯರ್ ಅಂದಾಜು ಪಟ್ಟಿ ಮಾಡಿ, ಮಂಜೂರಾತಿ ಸಿಕ್ಕ ಮೇಲೆ ಕೆಲಸ. ಜಾಗ ಪಂಚಾಯಿತಿ ಹೆಸರಿನಲ್ಲಿಲ್ಲ ಎಂದರೆ ಕಡತ ಅಲ್ಲೇ ಮಲಗುತ್ತದೆ. ಬೈಗುಳ ಶಾಸಕರಿಗೆ! ಮೊದಲು ಆ ಜಾಗದ ಕಾಗದ ನೋಡಿಸಿ.

ನಮ್ಮ ಪತ್ರಕರ್ತರೂ ಕಡಿಮೆಯಿಲ್ಲ. ಹಾರ ಹಾಕಿಸಿಕೊಂಡ ಫೋಟೊಗೆ ಮೂರು ಕಾಲಂ, ಲಿಖಿತ ಉತ್ತರದ ಅನುಬಂಧಕ್ಕೆ ಮೂರು ಸಾಲೂ ಇಲ್ಲ. ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರ ಸಿಗುತ್ತದೆ. ನಿಮ್ಮ ಶಾಸಕರ ಹೆಸರು ಹುಡುಕಿ ನೋಡಿ. ಅಲ್ಲೂ ಅವರಿಲ್ಲದಿದ್ದರೆ ನಿಮ್ಮ ಪತ್ರದ ಕೊನೆಯ ಸಾಲಿಗೆ ನಾವೂ ಸಹಿ ಹಾಕುತ್ತೇವೆ.

ಮಗಳ ಲಗ್ನಪತ್ರಿಕೆ ಕೊಡಲು ಹೋಗುವವರಿದ್ದೀರಂತೆ. ಅದರೊಳಗೆ ನಿಮ್ಮೂರ ಶಾಲೆಯ ಖಾಲಿ ಹುದ್ದೆಗಳ ಚೀಟಿಯನ್ನೂ ಇಟ್ಟು ಕೊಡಿ, ಅಧಿವೇಶನಕ್ಕೆ ತಿಂಗಳಿರುವಾಗಲೇ.