ಎಂಟು ಹತ್ತು ವರ್ಷ ಕೆಲಸ ಮಾಡಿದವರೇ ಯಾಕೆ ಬಿಟ್ಟು ಹೋಗ್ತಾರೆ?

ಪ್ರಶ್ನೆ: ಮೇಡಂ, ಸಮುದಾಯ ಶಿಕ್ಷಣದ ಒಂದು ಸಣ್ಣ ಸಂಸ್ಥೆ ನೋಡ್ಕೋತಿದೀನಿ. ದೊಡ್ಡವರಿಗೆ ಓದು ಬರಹ, ಶಾಲೆ ಬಿಟ್ಟ ಮಕ್ಕಳಿಗೆ ಕ್ಲಾಸು, ತಾಯಂದಿರ ಗುಂಪು, ಇಂಥ ಕೆಲಸ. ಹೊಸಬರು ಸಿಗ್ತಾರೆ, ಆದ್ರೆ ಎಂಟು ಹತ್ತು ವರ್ಷ ಕೆಲಸ ಮಾಡಿದವರೇ ಒಬ್ಬೊಬ್ಬರಾಗಿ ಬಿಟ್ಟು ಹೋಗ್ತಿದಾರೆ. ಸಂಬಳ ಹೆಚ್ಚಿಸೋಕೆ ಈಗ ಆಗಲ್ಲ, ಟ್ರೈನಿಂಗ್ ಕೊಡಿಸಿದ್ರೂ ನಿಲ್ಲಲಿಲ್ಲ. ಏನ್ ಮಾಡ್ಲಿ?

ಉತ್ತರ: ಮೊದಲು ದುಡ್ಡಿನ ಮಾತು. ಸೇವಾ ಮನೋಭಾವ ಇದ್ರೆ ಸಾಕು ಅಂತ ದಯವಿಟ್ಟು ಯಾರಿಗೂ ಹೇಳ್ಬೇಡಿ, ಅಷ್ಟು ವರ್ಷ ಕೆಲಸ ಮಾಡಿದವರ ವಯಸ್ಸಲ್ಲಿ ಮಕ್ಕಳ ಓದು, ಅಪ್ಪ ಅಮ್ಮನ ಆರೋಗ್ಯ, ಮನೆ ಸಾಲ ಎಲ್ಲಾ ಒಟ್ಟಿಗೆ ಬಂದಿರುತ್ತೆ, ಅಂಥದ್ರಲ್ಲಿ ಪ್ರತಿ ವರ್ಷ ಪ್ರಾಜೆಕ್ಟ್ ಮುಂದುವರಿಯುತ್ತೋ ಇಲ್ವೋ ಅಂತ ಕಾಯ್ತಾ ಕೂರೋದು ಅಂದ್ರೆ ಕಡಿಮೆ ಸಂಬಳಕ್ಕಿಂತ ದೊಡ್ಡ ಹಿಂಸೆ. ಫಂಡ್ ಯಾವಾಗ ಮುಗಿಯುತ್ತೆ, ಆಮೇಲೆ ಅವರ ಕೆಲಸದ ಗತಿ ಏನು ಅನ್ನೋದನ್ನ ತಿಂಗಳುಗಟ್ಟಲೆ ಮುಂಚೆ ಬರವಣಿಗೆಲೇ ಕೊಡಿ. ಮುಂದಿನ ಪ್ರಪೋಸಲ್‌ನಲ್ಲಿ ವರ್ಷದ ಇನ್‌ಕ್ರಿಮೆಂಟು, ರಜೆ ಹಾಕಿದಾಗ ಬದಲಿ ಆಳಿನ ಖರ್ಚು ಎರಡನ್ನೂ ಮೊದಲೇ ಸೇರಿಸಿ.

ಆದ್ರೆ ನನಗೆ ಇದಕ್ಕಿಂತ ಮುಖ್ಯ ಅನ್ಸೋದು ಇನ್ನೊಂದಿದೆ. ಜನರ ಜೊತೆ ಚೆನ್ನಾಗಿ ಬೆರೆಯೋರನ್ನ ನಾವು ಏನ್ ಮಾಡ್ತೀವಿ? ಕೋಆರ್ಡಿನೇಟರ್ ಮಾಡ್ತೀವಿ, ಅಲ್ಲಿಂದ ರಿಪೋರ್ಟು, ಬಿಲ್ಲು, ಫೋಟೊ, ಮೀಟಿಂಗು, ಯಾವ ಕೆಲಸಕ್ಕೋಸ್ಕರ ಬಂದಿದ್ರೋ ಅದೇ ಕೈ ತಪ್ಪಿ ಹೋಗುತ್ತೆ. ಬಡ್ತಿ ಅಂದ್ರೆ ಕ್ಲಾಸಿಂದ ದೂರ ಹೋಗೋದು ಅಂತಾದ್ರೆ ಒಳ್ಳೆಯವರು ಯಾಕೆ ಉಳೀತಾರೆ ಹೇಳಿ. ಕಲಿಸ್ತಾನೇ ಮೇಲಕ್ಕೆ ಹೋಗೋಕೆ ಇನ್ನೊಂದು ದಾರಿ ಮಾಡಿ: ಹೊಸಬರನ್ನ ತಯಾರು ಮಾಡೋದು, ಪಾಠ ಬರೆಯೋದು ಅವರ ಜವಾಬ್ದಾರಿ ಆಗ್ಲಿ, ಹುದ್ದೆ ಹೆಸರು ಮತ್ತು ಸಂಬಳದ ಶ್ರೇಣಿನೂ ಅದಕ್ಕೆ ತಕ್ಕ ಹಾಗೆ ಬದಲಾಗ್ಲಿ.

ಟ್ರೈನಿಂಗ್ ಯಾಕೆ ಕೆಲಸ ಮಾಡ್ಲಿಲ್ಲ ಅಂದ್ರೆ, ಬಹುಶಃ ಕೊರತೆ ಇದ್ದಿದ್ದು ಅವರಲ್ಲಿ ಅಲ್ಲ. ಕೆಲಸದಿಂದ ಪೂರ್ತಿ ಬಳಲಿ ಬೇಸತ್ತು ಹೋಗೋದಕ್ಕೆ ಬರ್ನ್‌ಔಟ್ ಅಂತೀವಲ್ಲ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನ ಕಾಯಿಲೆ ಅಂತ ಅಲ್ಲ, ಕೆಲಸದ ಜಾಗದ ಒತ್ತಡ ಬಹುಕಾಲ ಸರಿಹೋಗದೆ ಉಳಿದಾಗ ಬರೋ ಸ್ಥಿತಿ ಅಂತ ಹೇಳ್ತು. ಅಂದ್ರೆ ರಿಪೇರಿ ಆಗ್ಬೇಕಿರೋದು ಕೆಲಸ. ಇದನ್ನ ದಶಕಗಳ ಕಾಲ ಅಧ್ಯಯನ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಆರು ವಿಷಯ ನೋಡಿ ಅಂತಾರೆ: ಕೆಲಸದ ಹೊರೆ, ತೀರ್ಮಾನದ ಹಿಡಿತ, ಪ್ರತಿಫಲ, ಜೊತೆಗಾರರು, ನ್ಯಾಯ, ಮೌಲ್ಯ. ನಿಮ್ಮಲ್ಲಿ ಎರಡನೇದನ್ನ ಮೊದಲು ನೋಡಿ, ಹತ್ತು ವರ್ಷದ ಅನುಭವ ಇರೋರು ಕ್ಲಾಸಿನ ಟೈಮ್ ಬದಲಾಯಿಸೋಕೂ ಪರ್ಮಿಷನ್ ಕೇಳ್ಬೇಕಾ?

ಇನ್ನು, ಕಲಿಯೋಕೆ ಬರೋರ ಮನೆ ಕಷ್ಟ, ಜಗಳ, ಹೊಡೆತ ಎಲ್ಲಾ ಮೊದಲು ಬಂದು ಬೀಳೋದು ಇವರ ಕಿವಿಗೆ, ಇವರು ಅದನ್ನ ಯಾರಿಗೆ ಹೇಳ್ಬೇಕು? ತಿಂಗಳಿಗೊಮ್ಮೆ ಒಬ್ಬೊಬ್ಬರ ಜೊತೆ ಒಂದು ಗಂಟೆ ಕೂತ್ಕೊಳ್ಳಿ, ಟಾರ್ಗೆಟ್ ಮಾತು ಬೇಡ. ಸಾಧ್ಯ ಇದ್ರೆ ಅದಕ್ಕೆ ಸಂಸ್ಥೆ ಹೊರಗಿನ ಅನುಭವಸ್ಥರನ್ನ ಕರೀರಿ, ಬಾಸ್ ಎದುರಿಗೆ ಎಲ್ಲಾ ಬಾಯಿ ಬಿಡೋಕೆ ಆಗಲ್ಲ. ರಾಜೀನಾಮೆ ಪತ್ರ ಬಂದ ಮೇಲೆ ಕಾರಣ ಕೇಳೋದಕ್ಕಿಂತ, ಈಗ ಉಳಿದಿರೋರನ್ನ ಈ ವಾರವೇ ಕೇಳಿ, ನಿಮ್ಮ ಕೆಲಸದಲ್ಲಿ ಯಾವುದನ್ನ ತೆಗೆದ್ರೆ ಹಗುರ ಆಗುತ್ತೆ ಅಂತ. ಅವರು ಹೇಳಿದ್ರಲ್ಲಿ ಒಂದನ್ನಾದ್ರೂ ಮುಂದಿನ ತಿಂಗಳೊಳಗೆ ತೆಗೆದುಬಿಡಿ.