ಮುಳ್ಳು ಚುಚ್ಚಿದ ಜಾಗಕ್ಕೆ ದಾರಿ ತೋರಿಸೋರು ಯಾರು?

ಗದ್ದೇಲಿ ಮುಳ್ಳು ಚುಚ್ಚಿದ ಜಾಗಕ್ಕೇ ಬಿಳಿ ರಕ್ತಕಣಗಳು ಹೇಗೆ ಬಂದು ಸೇರ್ತವೆ ಅಂತ ಕೇಳಿದ್ರಲ್ಲ ಸರ್, ನಮ್ಮ ಮಂಡ್ಯದ ಆಲೆಮನೆ ಇರುವೆಗಳನ್ನ ನೆನೆಸ್ಕೊಳ್ಳಿ. ಬೆಲ್ಲ ಕಂಡ ಇರುವೆ ವಾಸನೆಯ ಗೆರೆ ಎಳೆಯುತ್ತೆ, ಉಳಿದವು ಆ ಜಾಡು ಹಿಡೀತವೆ.

ಗಾಯದಲ್ಲೂ ಹೆಚ್ಚುಕಮ್ಮಿ ಹಾಗೇ. ಅಲ್ಲೇ ಕಾವಲಿರೋ ರಕ್ಷಕ ಜೀವಕೋಶಗಳಾದ ಮ್ಯಾಕ್ರೋಫೇಜ್‌ಗಳು ಕೀಮೋಕೈನ್ ಅನ್ನೋ ರಾಸಾಯನಿಕ ಬಿಡ್ತವೆ. ರಕ್ತದಲ್ಲಿದ್ದ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ನಾಳದ ಗೋಡೆ ಮೇಲೆ ಉರುಳಿ, ಅಂಟಿ, ಸಂದೀಲಿ ನುಸುಳಿ ಹೊರಗೆ ಬರ್ತವೆ. ಸ್ವಾರಸ್ಯ ಇರೋದು ಆಮೇಲೆ: ಮೊದಲು ತಲುಪಿದವು ತಾವೇ ಲ್ಯೂಕೋಟ್ರೀನ್ ಬಿ4 ಅನ್ನೋ ಇನ್ನೊಂದು ರಾಸಾಯನಿಕ ಸುರಿಸಿ ದೂರದವನ್ನೂ ಕರೀತವೆ, ಬಂದವು ಮತ್ತಷ್ಟು ಸುರಿಸ್ತವೆ. ಹೀಗೇ ಬಿಟ್ರೆ ಊರಹಬ್ಬದ ನೂಕುನುಗ್ಗಲೇ! ಆದರೆ ಸಂಕೇತ ಅತಿಯಾದಾಗ ಜಿಆರ್‌ಕೆ2 ಅನ್ನೋ ಪ್ರೋಟೀನು ಅವುಗಳ ಕಿವಿ ಮಂದ ಮಾಡುತ್ತೆ, ಓಟ ನಿಲ್ಲುತ್ತೆ.

ಅಂದಹಾಗೆ, ಗಾಯದ ಕೀವಿನಲ್ಲಿ ಬಹುಪಾಲು ಈ ನ್ಯೂಟ್ರೋಫಿಲ್‌ಗಳ ಹೆಣಗಳೇ.