ಮಗಳು ಡಾಕ್ಟರ್ ಆಗಬೇಕೆನ್ನುತ್ತಾಳೆ, ಅಷ್ಟು ಕಷ್ಟಕ್ಕೆ ಸಿಗುವುದೇನು?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ಮುಗಿಸಿ ನೀಟ್ ಬರೆದಿದ್ದಾಳೆ. ಸರ್ಕಾರಿ ಕೋಟಾದಲ್ಲಿ ಎಂಬಿಬಿಎಸ್ ಸೀಟು ಸಿಗುವಂತಿದೆ. ‘ಎಂಜಿನಿಯರಿಂಗ್ ಆದರೆ ನಾಲ್ಕು ವರ್ಷಕ್ಕೆ ಕೆಲಸ, ಡಾಕ್ಟರ್ ಆಗುವಷ್ಟರಲ್ಲಿ ಅರ್ಧ ಆಯುಸ್ಸು ಮುಗಿಯುತ್ತದೆ’ ಎನ್ನುತ್ತಾರೆ ನೆಂಟರು. ನಾನು ಅಡಿಕೆ ಬೆಳೆಗಾರ, ಈ ವೃತ್ತಿಯ ಒಳಹೊರಗು ಗೊತ್ತಿಲ್ಲ. ಪಟ್ಟ ಕಷ್ಟಕ್ಕೆ ಫಲವಿದೆಯೇ?
– ಓದುಗರು, ಸಾಗರ

ಉತ್ತರ: ನೆಂಟರ ಲೆಕ್ಕ ತಪ್ಪಲ್ಲ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಎಂ.ಡಿ. ಅಥವಾ ಎಂ.ಎಸ್. ಮಾಡಿದರೆ ಮತ್ತೆ 3 ವರ್ಷ. ನಡುವೆ ಪಿಜಿ ಪ್ರವೇಶ ಪರೀಕ್ಷೆಗೆ ಒಂದೆರಡು ವರ್ಷ ಹೋದರೆ ಮಗಳಿಗೆ ಮೂವತ್ತು ಹತ್ತಿರವಾಗಿರುತ್ತದೆ. ಹಣ ಬರುತ್ತದೆ, ಆದರೆ ತಡವಾಗಿ. ಅಡಿಕೆ ಸಸಿ ನೆಟ್ಟು ಫಸಲಿಗೆ ವರ್ಷಗಟ್ಟಲೆ ಕಾದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಹಣವೊಂದೇ ಗುರಿಯಾದರೆ ಬೇರೆ ದಾರಿಗಳು ಹತ್ತಿರ.

ನನಗೆ ಸಿಕ್ಕಿದ್ದೇನು ಎಂದು ಹೇಳುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ನನ್ನ ಮೊದಲ ವರ್ಷ. ಗದ್ದೆಯಲ್ಲಿ ಹಾವು ಕಚ್ಚಿದ ರೈತರೊಬ್ಬರನ್ನು ರಾತ್ರಿ ಹತ್ತರ ಹೊತ್ತಿಗೆ ಕರೆತಂದರು. ಯಾವ ಹಾವೆಂದು ಯಾರೂ ನೋಡಿರಲಿಲ್ಲ. ಆಗ ಮಾಡುವ ಪರೀಕ್ಷೆ ಬಹಳ ಸರಳ: ಒಣಗಿದ ಚೊಕ್ಕ ಗಾಜಿನ ನಳಿಕೆಗೆ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ವಾಲಿಸಿ ನೋಡುವುದು. ಅಂದು ರಕ್ತ ನೀರಿನಂತೆ ಹರಿಯಿತು. ಕೊಳಕುಮಂಡಲದ ವಿಷ ಹೀಗೆಯೇ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಪ್ರತಿವಿಷ ಕೊಟ್ಟೆವು. ಯಕೃತ್ತು ಹೆಪ್ಪುಗಟ್ಟಿಸುವ ಅಂಶಗಳನ್ನು ಮತ್ತೆ ತಯಾರಿಸಲು ಸುಮಾರು ಆರು ಗಂಟೆ ಬೇಕು. ಅಲ್ಲಿಯವರೆಗೆ ಕಾಯದೆ ವಿಧಿಯಿಲ್ಲ. ಬೆಳಗಿನ ಜಾವ ಮತ್ತೆ ರಕ್ತ ತೆಗೆದು, 20 ನಿಮಿಷ ಬಿಟ್ಟು ನಳಿಕೆ ವಾಲಿಸಿದೆ. ರಕ್ತ ತಳದಲ್ಲಿ ಗಟ್ಟಿ ಮೊಸರಿನಂತೆ ಕೂತಿತ್ತು. ಹಾಗೇ ಹಿಡಿದುಕೊಂಡು ಹೋಗಿ ಅವರ ಹೆಂಡತಿಗೆ ತೋರಿಸಿದೆ. ಆಕೆ ನಳಿಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದರು: ‘ಹಾಲು ಕರೆಯುವ ಹೊತ್ತಾಯಿತಮ್ಮ, ಮನೆಗೆ ಹೋಗಿ ಬರಲೇ?’ ಹೋಗಿ ಬನ್ನಿ ಎಂದೆ. ಆ ಮಾತನ್ನು ಧೈರ್ಯವಾಗಿ ಹೇಳಲು ಸಾಧ್ಯವಾಯಿತಲ್ಲ, ಅದಕ್ಕೆ ಸಮನಾದ ಸಂಬಳವನ್ನು ನಾನು ಇದುವರೆಗೆ ಪಡೆದಿಲ್ಲ.

ಎಲ್ಲ ರಾತ್ರಿಗಳೂ ಹೀಗೆ ಮುಗಿಯುವುದಿಲ್ಲ. ಸಾವಿನ ಸುದ್ದಿಯನ್ನು ಮನೆಯವರಿಗೆ ತಿಳಿಸುವ ಕೆಲಸವೂ ನಮ್ಮದೇ, ಅದು ವರ್ಷಗಳು ಕಳೆದರೂ ರೂಢಿಯಾಗುವುದಿಲ್ಲ.

ಇನ್ನು ಬಹುಪಾಲು ದಿನಗಳಲ್ಲಿ ಬಿ.ಪಿ., ಸಕ್ಕರೆ, ಕೆಮ್ಮು. ಮಾತ್ರೆ ಬಿಡದಂತೆ ಹತ್ತು ವರ್ಷ ಗದರಿಸಿ, ಪುಸಲಾಯಿಸಿ ನೋಡಿಕೊಂಡವರಿಗೆ ಲಕ್ವ ಹೊಡೆಯದೇ ಹೋದರೆ ಅದಕ್ಕಾಗಿ ಯಾರೂ ಹಾರ ಹಾಕುವುದಿಲ್ಲ. ಅವರು ಜಾತ್ರೆಯಲ್ಲಿ ಮೊಮ್ಮಗನ ಕೈ ಹಿಡಿದು ನಡೆಯುವುದನ್ನು ಕಂಡಾಗ ನಮಗೆ ಮಾತ್ರ ಗೊತ್ತಾಗುವ ಸಂತೋಷ ಅದು. ಈ ಕೆಲಸದ ಫಲ ಹೆಚ್ಚಾಗಿ ಸಿಗುವುದು ಹೀಗೆಯೇ.

ಪ್ರವೇಶಕ್ಕೆ ಮೊದಲು ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಒಪ್ಪಿಗೆ ಪಡೆದು, ಒಂದು ಬೆಳಗ್ಗೆ ಮಗಳನ್ನು ಅಲ್ಲಿನ ಬೆಂಚಿನ ಮೇಲೆ ಕೂರಿಸಿ. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಏನು ಹೇಳುತ್ತಾಳೋ ಕೇಳಿಸಿಕೊಳ್ಳಿ. ನೆಂಟರಿಗೆ ಉತ್ತರ ಕೊಡುವುದು ಅದಾದ ಮೇಲೆ ಇರಲಿ.